ನಮ್ಮೂರಿನ ಸದ್ದಿಗೂ ನಕ್ಷೆಯಲ್ಲಿ ಜಾಗ ಬೇಕು

ಕೆಮ್ಮಣ್ಣುಗುಂಡಿಗೆ ದಾರಿ ಯಾವುದು, ಹೆಬ್ಬೆ ಜಲಪಾತ ಎಷ್ಟು ದೂರ ಎಂಬುದನ್ನೆಲ್ಲ ಮೊಬೈಲ್ ನಕ್ಷೆ ಹೇಳುತ್ತದೆ. ಅಲ್ಲಿ ಬೆಳಗಿನ ಜಾವ ಏನು ಕೇಳಿಸುತ್ತದೆ ಎಂಬುದನ್ನು ಹೇಳುವುದಿಲ್ಲ. ಆ ಕೆಲಸ ಮಾಡುವುದು ‘ಶಬ್ದ ನಕ್ಷೆ’ಗಳು. ನಮ್ಮ ಬೀದಿ, ಸಂತೆ, ರೈಲು ನಿಲ್ದಾಣದ ಸದ್ದನ್ನು ಧ್ವನಿಮುದ್ರಿಸಿ, ಜಾಗ ಗುರುತಿಸಿ ಇವುಗಳಿಗೆ ಸೇರಿಸಬಹುದು. ನಕ್ಷೆಯ ಮೇಲಿನ ಚುಕ್ಕೆ ಒತ್ತಿದರೆ ಯಾವ ದೇಶದವರೂ ಅದನ್ನು ಕೇಳಬಹುದು.

ಕೆನಡಾದ ಸಂಗೀತ ಸಂಯೋಜಕ ಮರ್ರೆ ಶೇಫರ್ ಮತ್ತು ಸಂಗಡಿಗರು 1973ರಲ್ಲೇ ವ್ಯಾಂಕೂವರ್ ನಗರದ ಸದ್ದುಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದರು. 2006ರಲ್ಲಿ ಜರ್ಮನಿಯ ಉಡೊ ನೋಲ್ ‘ರೇಡಿಯೊ ಅಪೋರಿ’ ಎಂಬ ಜಾಗತಿಕ ಶಬ್ದ ನಕ್ಷೆ ಆರಂಭಿಸಿದರು. ಅದರಲ್ಲಿ ಯುರೋಪಿನ ನಗರಗಳ ಮೇಲೆ ಚುಕ್ಕೆಗಳು ಕಿಕ್ಕಿರಿದಿವೆ, ಭಾರತದಲ್ಲಿ ವಿರಳ.

ಇದು ಬರೀ ಹವ್ಯಾಸವಲ್ಲವೇ ಎಂದು ಕೇಳಬಹುದು. ಕೆಮ್ಮಣ್ಣುಗುಂಡಿಯನ್ನೇ ನೋಡಿ. ಈ ಗಿರಿಧಾಮ ದಶಕಗಳ ಕಾಲ ಗಣಿಯೂ ಆಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಲ್ಲಿನ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ಬೆಟ್ಟ ಇಳಿಯುತ್ತಿತ್ತು. ಗಣಿಯೂ ನಿಂತಿತು, ತೊಟ್ಟಿಗಳೂ ನಿಂತವು. ಅಗೆದ ಬೆಟ್ಟದ ಗುರುತು ಕಣ್ಣಿಗೆ ಕಾಣುತ್ತದೆ. ಆ ದುಡಿಮೆಯ ಸದ್ದಿಗೆ ಹಿರಿಯರ ನೆನಪೇ ಆಧಾರ. ಇಂದು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಸದ್ದಿನ ಜಾಗಕ್ಕೂ ಯಂತ್ರ ಬರುತ್ತಿದೆ.

ಎರಡನೆಯದು ಆಡಳಿತದ ಪ್ರಶ್ನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಆರಂಭಿಸಿದ ಶಬ್ದಮಾಪನ ಜಾಲ ಏಳು ಮಹಾನಗರಗಳದ್ದು. ಕರ್ನಾಟಕದಿಂದ ಅದರಲ್ಲಿರುವುದು ಬೆಂಗಳೂರು ಮಾತ್ರ. ಮೊಬೈಲ್ ಧ್ವನಿಮುದ್ರಣ ಮಾಪಕಕ್ಕೆ ಬದಲಿಯಲ್ಲ, ಅದರ ಡೆಸಿಬಲ್ ಲೆಕ್ಕ ನಿಖರವೂ ಅಲ್ಲ. ಆದರೆ ಸದ್ದು ಜಲಪಾತದ್ದೋ ಪ್ರವಾಸಿ ಜೀಪುಗಳದ್ದೋ ಎಂಬುದನ್ನು ಬರೀ ಅಂಕಿ ಹೇಳದು, ಧ್ವನಿಮುದ್ರಣ ಹೇಳುತ್ತದೆ.

ಮೂರನೆಯದು ಉದ್ಯೋಗಕ್ಕೂ ಹತ್ತಿರದ ವಿಷಯ. ಕಾರ್ನೆಲ್ ವಿಶ್ವವಿದ್ಯಾಲಯದ ‘ಮರ್ಲಿನ್’ ಆ್ಯಪ್ 2021ರಿಂದ ಕೂಗು ಕೇಳಿಯೇ ಹಕ್ಕಿಯ ಹೆಸರು ಹೇಳುತ್ತಿದೆ. ಜನರು ಹಂಚಿಕೊಂಡ ಧ್ವನಿಮುದ್ರಣಗಳೇ ಅದಕ್ಕೆ ಪಾಠ. ಯಾವ ಸೀಮೆಯ ಸದ್ದು ಸಂಗ್ರಹದಲ್ಲಿಲ್ಲವೋ, ಆ ಸೀಮೆಯ ಮಟ್ಟಿಗೆ ಯಂತ್ರವೂ ಕಿವುಡೇ. ಧ್ವನಿ ದತ್ತಾಂಶವನ್ನು ಸಂಗ್ರಹಿಸಿ ವಿಂಗಡಿಸುವುದು ಇಂದು ಕಲಿಯಬೇಕಾದ ಕೌಶಲ.

ಎಚ್ಚರವೂ ಬೇಕು. ಅನ್ಯರ ಖಾಸಗಿ ಮಾತು ದಾಖಲಾಗಬಾರದು. ಧ್ವನಿಮುದ್ರಣದ ಆಸೆಗೆ ಹಕ್ಕಿಗಳನ್ನು ಕೆಣಕಬಾರದು. ದಿನಾಂಕ, ಸಮಯ, ಜಾಗ ಬರೆಯದಿದ್ದರೆ ದಾಖಲೆಗೆ ಬೆಲೆಯಿಲ್ಲ.

ಕಾಲೇಜಿನ ಎನ್‌ಎಸ್‌ಎಸ್ ಘಟಕಗಳು ಇದನ್ನು ಕೈಗೆತ್ತಿಕೊಳ್ಳಬಹುದು. ಕಡೂರಿನ ರೈಲು ನಿಲ್ದಾಣ, ತರೀಕೆರೆಯ ಅಡಿಕೆ ಅಂಗಳ, ಅಜ್ಜಂಪುರದ ಅಮೃತಮಹಲ್ ರಾಸುಗಳು, ಕೆಮ್ಮಣ್ಣುಗುಂಡಿಯ ಮುಂಜಾವು: ತಲಾ ಎರಡು ನಿಮಿಷ ಸಾಕು. ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮುದ್ರಿಸಿದರೆ ನಮ್ಮ ಸೀಮೆ ಹೇಗೆ ಬದಲಾಯಿತೆಂಬುದಕ್ಕೆ ಮುಂದಿನವರಿಗೆ ಸಾಕ್ಷಿ ಸಿಗುತ್ತದೆ.