ಅಂಗಳದ ಕಳೆಗೆ ಕಳೆನಾಶಕ ಬೇಡ

ಮಳೆಗಾಲದಲ್ಲಿ ಮನೆಯಂಗಳದ ಹುಲ್ಲುಹಾಸಿನ ತುಂಬ ಕಳೆ ಏಳುತ್ತದೆ. ಹಲವರಿಗೆ ಕೂಡಲೇ ನೆನಪಾಗುವುದು ಅಂಗಡಿಯ ಕಳೆನಾಶಕ. ನನ್ನ ಪ್ರಕಾರ ಅದು ಬೇಡ. ಮಕ್ಕಳು ಆಡುವ, ಕೋಳಿ ಮೇಯುವ ಜಾಗಕ್ಕೆ ವಿಷ ಸುರಿಯುವುದು ಸರಿಯಲ್ಲ ಎಂಬುದು ಒಂದು ಕಾರಣ. ಅದರಿಂದ ಅಂದುಕೊಂಡ ಕೆಲಸವೂ ಆಗುವುದಿಲ್ಲ ಎಂಬುದು ಇನ್ನೊಂದು.

ಹುಲ್ಲಿನ ನಡುವೆ ಬೆಳೆಯುವ ಕಳೆಯೂ ಹೆಚ್ಚಾಗಿ ಹುಲ್ಲೇ. ಗ್ಲೈಫೊಸೇಟ್‌ಗೆ ಬೇಕಾದ ಹುಲ್ಲು, ಬೇಡದ ಹುಲ್ಲು ಎಂಬ ಭೇದವಿಲ್ಲ. ಎರಡೂ ಒಣಗುತ್ತವೆ. ಬರಿದಾದ ನೆಲದಲ್ಲಿ ಮೊದಲು ಮೊಳೆಯುವುದು ಮತ್ತೆ ಕಳೆಯೇ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ರಾಸಾಯನಿಕವನ್ನು ಕೀಟನಿಯಂತ್ರಣ ವೃತ್ತಿಯವರು ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಅಂದರೆ ಇದು ನಾವು ನೀವು ಬಾಟಲಿ ತಂದು ಸಿಂಪಡಿಸುವ ವಸ್ತುವಲ್ಲ.

ಕಳೆಯ ಗುಣ ತಿಳಿದರೆ ದಾರಿ ತಾನಾಗಿ ಕಾಣುತ್ತದೆ. ನಮ್ಮ ರಾಗಿಯ ಕುಲಕ್ಕೇ ಸೇರಿದ ಎಲೂಸಿನ್ ಇಂಡಿಕಾ ಎಂಬ ಕಳೆಯನ್ನು ನೋಡಿ. ಜನ ತುಳಿದು ಗಟ್ಟಿಯಾದ ನೆಲವೆಂದರೆ ಅದಕ್ಕೆ ಇಷ್ಟ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. 1997ರಲ್ಲೇ ಮಲೇಷ್ಯಾದಲ್ಲಿ ಅದು ಗ್ಲೈಫೊಸೇಟ್‌ಗೂ ಜಗ್ಗದ್ದು ಕಂಡುಬಂದಿತ್ತು. ಆದರೆ ತೆನೆ ಬರುವ ಮೊದಲೇ ಕಿತ್ತರೆ ಅದರ ಆಟ ಮುಗಿಯಿತು. ಕೊನ್ನಾರಿ ಗಡ್ಡೆಯ ರೀತಿ ಬೇರೆ. ಅದು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ಮೂರು ಮೂಲೆ ತಿಳಿಯುತ್ತದೆ. ಮೇಲಿನ ಎಲೆ ಕತ್ತರಿಸಿದರೆ ಪ್ರಯೋಜನವಿಲ್ಲ. ಮಣ್ಣು ಒದ್ದೆಯಿದ್ದಾಗ ಗಡ್ಡೆ ಸಮೇತ ಅಗೆದು ತೆಗೆಯಬೇಕು, ಅದೂ ಮತ್ತೆ ಮತ್ತೆ.

ಕೀಳುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ಹುಲ್ಲನ್ನು ಬೋಳು ಮಾಡಬಾರದು. ಒಂದು ಸಲಕ್ಕೆ ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ದಟ್ಟ ಹುಲ್ಲಿನ ನೆರಳಿನಲ್ಲಿ ಕಳೆಯ ಬೀಜ ಮೊಳೆಯುವುದು ಕಷ್ಟ. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವ ಬದಲು ಬೇಸಿಗೆಯಲ್ಲಿ ಅಂತರ ಬಿಟ್ಟು ಬೇರಿಗೆ ಇಳಿಯುವಷ್ಟು ಹಾಕಬೇಕು. ಸರಿಯಾಗಿ ಕೊಳೆಯದ ಗೊಬ್ಬರ, ಎಲ್ಲಿಂದಲೋ ತಂದ ಮಣ್ಣು, ಇವೆರಡೂ ಕಳೆಯ ಬೀಜ ಮತ್ತು ಗಡ್ಡೆಗಳನ್ನು ಹೊತ್ತು ತರುತ್ತವೆ.

'ಇದಕ್ಕೆಲ್ಲ ಸಮಯವೆಲ್ಲಿ?' ಎಂದು ಕೇಳಬಹುದು. ನಮ್ಮ ಮನೆಯಲ್ಲಿ ಉಮ್ಮ ಭಾನುವಾರ ಅಸರ್ ನಂತರ ಅರ್ಧ ಗಂಟೆ ಕಳೆ ಕೀಳುತ್ತಾರೆ, ನಾನೂ ಜೊತೆಗೆ ಕೂರುತ್ತೇನೆ. ಚಿಕ್ಕ ಅಂಗಳಕ್ಕೆ ಅಷ್ಟು ಸಾಕು.

ನಮ್ಮ ಕಾಲೇಜಿನ ಹುಲ್ಲುಹಾಸಿಗೂ ಇದೇ ನಿಯಮ ಅನ್ವಯಿಸಲಿ. ಕತ್ತರಿಸುವ ಯಂತ್ರದ ಎತ್ತರ ಸ್ವಲ್ಪ ಏರಿಸಲಿ. ಎಲ್ಲರೂ ಅಡ್ಡ ದಾಟುವ ಮೂಲೆಯಲ್ಲಿ ನಾಲ್ಕು ಕಲ್ಲು ಹಾಸಲಿ. ವಾರಕ್ಕೊಂದು ತರಗತಿಯಂತೆ ಕಳೆ ಕೀಳಲು ನಾವು ವಿದ್ಯಾರ್ಥಿಗಳು ಮುಂದೆ ಬರೋಣ. ಸಸ್ಯಶಾಸ್ತ್ರದ ಪಾಠವೂ ಅಲ್ಲೇ ಆಗುತ್ತದೆ.