ತರಬೇತಿ ಮುಗಿದ ಆರು ತಿಂಗಳಿಗೆ ಕೈ ಏನು ಮಾಡುತ್ತದೆ?

ಹುಟ್ಟಿದ ಕೂಸು ಅಳದಿದ್ದರೆ, ಒರೆಸಿ ಬೆನ್ನು ತಿಕ್ಕಿದರೂ ಉಸಿರಾಡದಿದ್ದರೆ, ಹೆರಿಗೆ ಮಾಡಿಸುವವರಿಗೆ ಸಿಗುವುದು ಒಂದೇ ನಿಮಿಷ. ಅಷ್ಟರಲ್ಲಿ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಲು ಶುರು ಮಾಡಬೇಕು. ಯಲ್ಲಮ್ಮನ ಗುಡ್ಡದ ಹತ್ತಿರದ ಹಳ್ಳಿ ಉಗರಗೋಳಕ್ಕೆ ತಾಲ್ಲೂಕು ಕೇಂದ್ರ ಸವದತ್ತಿ ಹತ್ತಿರವೇ, ಆದರೆ ಒಂದು ನಿಮಿಷದ ಹತ್ತಿರವಲ್ಲ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರು ತುಂಬಿಕೊಂಡಾಗ ಆಂಬುಲೆನ್ಸಿನ ಮಾತೇ ಬೇಡ. ಆ ಹೊತ್ತಿಗೆ ಎದುರಿಗಿರುವ ಸಿಸ್ಟರ್ ಕೈಯೇ ಗತಿ.

ಈ ಕೈಗಳಿಂದ ಏನಾಗಬಲ್ಲದು ಎಂಬುದರ ಬಗ್ಗೆ ಜಗತ್ತು ಗಮನಿಸಿದ ಸಂಶೋಧನೆ ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ. ಕೆಎಲ್‌ಇಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಹಳ್ಳಿಗಳ 1,620 ಬಾಣಂತಿಯರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಹೆರಿಗೆಯ ನಂತರ ನರ್ಸ್‌ಗಳು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಅತಿ ರಕ್ತಸ್ರಾವ ಸುಮಾರು ಅರ್ಧಕ್ಕಿಳಿಯುತ್ತದೆ ಎಂದು ಅದು ತೋರಿಸಿತು. ಮಾತ್ರೆ ಕೊಡುವುದೇನೋ ಸುಲಭ. ಉಸಿರು ಕೊಡುವುದು ಹಾಗಲ್ಲ. ಹೆಬ್ಬೆರಳು, ತೋರುಬೆರಳು ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯಬೇಕು, ಉಳಿದ ಬೆರಳುಗಳು ಗದ್ದ ಎತ್ತಬೇಕು. ಸ್ವಲ್ಪ ಸಡಿಲಾದರೆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ, ಎದೆ ಏಳುವುದಿಲ್ಲ. ಇದನ್ನು ಕಲಿಸಲೆಂದೇ ನೀರು ತುಂಬಿದರೆ ಕೂಸಿನಷ್ಟೇ ತೂಗುವ ಗೊಂಬೆಯಿದೆ.

‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಈ ತರಬೇತಿಯನ್ನು ಇಲ್ಲಿ 599 ಹೆರಿಗೆ ಸಿಬ್ಬಂದಿಗೆ ಕೊಡಲಾಯಿತು. 2013ರಲ್ಲಿ ಪ್ರಕಟವಾದ ವರದಿಯಂತೆ ಸತ್ತು ಹುಟ್ಟುವ ಕೂಸುಗಳ ಪ್ರಮಾಣ ಶೇ 3.0ರಿಂದ 2.3ಕ್ಕೆ ಇಳಿಯಿತು. ಹುಟ್ಟಿದ ಮೇಲಿನ ಸಾವು ಮಾತ್ರ ಕಡಿಮೆಯಾಗಲಿಲ್ಲ. ಹಾಗಾಗಿ ತರಬೇತಿಯಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವಂತಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು 2016ರ ಇನ್ನೊಂದು ಅಧ್ಯಯನ. ಬೆಳಗಾವಿ, ನಾಗಪುರ ಮತ್ತು ಕೀನ್ಯಾದ 71 ಆರೋಗ್ಯ ಕೇಂದ್ರಗಳನ್ನು ಒಳಗೊಂಡ ಅದರಲ್ಲಿ, ತರಬೇತಿ ಮುಗಿದ ಕೂಡಲೇ ಬ್ಯಾಗ್-ಮಾಸ್ಕ್ ಪರೀಕ್ಷೆಯಲ್ಲಿ ಶೇ 99 ಮಂದಿ ತೇರ್ಗಡೆಯಾದರು. ಸುಮಾರು ಆರು ತಿಂಗಳಿಗೆ ಅದು ಶೇ 81ಕ್ಕೆ ಬಂತು. ಓದಿದ್ದು ತಲೆಯಲ್ಲಿ ಉಳಿದಿತ್ತು, ಕೈಗೆ ಬಂದದ್ದು ಜಾರಿತ್ತು.

ಇದು ಸಿಬ್ಬಂದಿಯ ಉಡಾಫೆಯಲ್ಲ. ನೂರು ಹೆರಿಗೆಯಲ್ಲಿ ಮೂರರಿಂದ ಆರು ಕೂಸುಗಳಿಗೆ ಬ್ಯಾಗ್ ಬೇಕಾಗಬಹುದು. ತಿಂಗಳಿಗೆ ಹತ್ತು ಹೆರಿಗೆಯಾಗುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೆ ನಾಲ್ಕರಿಂದ ಏಳು ಸಲ ಅಂಥ ಪ್ರಸಂಗ ಬಂದೀತು. ಅದನ್ನು ಪಾಳಿಯ ಮೇಲೆ ಮೂವರು ಸಿಸ್ಟರ್‌ಗಳಿಗೆ ಹಂಚಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಒಂದೋ ಎರಡೋ. ಇಷ್ಟು ಅಪರೂಪದ ಕೆಲಸದಲ್ಲಿ ಯಾರ ಕೈ ತಾನೇ ಪಳಗಿದ್ದೀತು?

ಎಂಬಿಬಿಎಸ್ ಓದುವವರ ಪಾಡೂ ಬೇರೆಯಲ್ಲ. 2019ರ ಹೊಸ ಪಠ್ಯಕ್ರಮ ಸ್ಕಿಲ್ ಲ್ಯಾಬ್, ಲಾಗ್‌ಬುಕ್ ತಂದಿತು. ಬರೀ ಬಾಯಿಪಾಠದ ಕಾಲಕ್ಕಿಂತ ಇದು ಎಷ್ಟೋ ವಾಸಿ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ ‘ಓಸ್ಕಿ’ ಎಂಬ, ಕೈಯಾರೆ ಮಾಡಿ ತೋರಿಸುವ ಪರೀಕ್ಷೆಯೂ ಈಗ ನಮ್ಮ ಕಾಲೇಜುಗಳಲ್ಲಿ ಮಾಮೂಲಿ. ಆದರೆ ಲಾಗ್‌ಬುಕ್ಕಿನ ಸಹಿ ಹೇಳುವುದು ಅಂದು ಬಂತು ಎಂದಷ್ಟೇ. ಗ್ರಾಮೀಣ ಸೇವೆಗೆಂದು ಹೊಸ ಡಾಕ್ಟರ್ ಬರುವ ಹೊತ್ತಿಗೆ ಆ ಸಹಿಗೆ ಎಷ್ಟು ತಿಂಗಳಾಗಿರುತ್ತದೋ!

ಇಲಾಖೆ ಮಾತ್ರ ಎಷ್ಟು ಜನಕ್ಕೆ ತರಬೇತಿ ಆಯಿತು ಎಂಬ ಲೆಕ್ಕದಲ್ಲೇ ಇದೆ. ಎರಡು ದಿನ ಜಿಲ್ಲಾ ಕೇಂದ್ರಕ್ಕೆ ಕರೆಸಿ, ಊಟ, ಟಿಎ ಕೊಟ್ಟು, ಫೋಟೊ ತೆಗೆದು ಕಳಿಸುವ ಬದಲು ಗೊಂಬೆಯನ್ನೇ ಹೆರಿಗೆ ಕೋಣೆಗೆ ಕಳಿಸಲಿ. ಪಾಳಿ ಬದಲಾಗುವಾಗ ಐದು ನಿಮಿಷ ಒತ್ತಿ ನೋಡಿದರೂ ಸಾಕು. ಸ್ಟಾಕ್ ರಿಜಿಸ್ಟರ್‌ಗೆ ಹತ್ತಿದ ವಸ್ತು ಹಾಳಾದರೆ ಜವಾಬು ಯಾರು ಕೊಡಬೇಕೆಂಬ ಹೆದರಿಕೆಗೆ ಅದು ಕಪಾಟು ಸೇರಿ ಬೀಗ ಬೀಳುವುದೂ ಉಂಟು; ಸವೆದ ಗೊಂಬೆಗೆ ಯಾರನ್ನೂ ಹೊಣೆ ಮಾಡುವುದಿಲ್ಲ ಎಂದು ಮೊದಲೇ ಬರೆದುಕೊಡಲಿ. ತಾಲ್ಲೂಕು ಆರೋಗ್ಯಾಧಿಕಾರಿಗಳು ತಿಂಗಳ ಸಭೆಯಲ್ಲಿ ರಿಜಿಸ್ಟರ್ ನೋಡುವ ಮೊದಲು ಬಂದವರಲ್ಲಿ ಇಬ್ಬರ ಕೈಗೆ ಮಾಸ್ಕ್ ಕೊಟ್ಟು, ಗೊಂಬೆಯ ಎದೆ ಏಳುತ್ತದೋ ಇಲ್ಲವೋ ನೋಡಲಿ. ಆರು ತಿಂಗಳ ವರದಿಯಲ್ಲಿ ಆ ಅಂಕಿಯೇ ಮೇಲಕ್ಕೆ ಹೋಗಲಿ.