ಬಣ್ಣ ಅರೆದವನ ಮುಖ

ಎಣ್ಣೆಬಣ್ಣದಲ್ಲಿ ಮುಖ ಬರೆಯೋದು ಕಲಿಯಬೇಕಾದರೆ ಬರೋಕ್ ಕಾಲದ ದೊಡ್ಡವರ ಚಿತ್ರ ನಕಲು ಮಾಡಬೇಕು ಅನ್ನುತ್ತಾರೆ. ಸರಿಯಾದ ಮಾತೇ. ನನ್ನ ಮೇಷ್ಟ್ರು ಕೂಡ ಹಾಗೇ ಹೇಳಿ ಒಂದು ಅಚ್ಚಿನ ಚಿತ್ರ ಕೈಗೆ ಕೊಟ್ಟರು. ಸ್ಪೇನಿನ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿ ಬರೆದದ್ದು. ಕಪ್ಪು ಮೈಬಣ್ಣದ ಗಂಡಸು, ಬಿಳಿ ಕಸೂತಿಯ ಕೊರಳಪಟ್ಟಿ, ಹೊಟ್ಟೆಗೆ ಅಡ್ಡ ಹಿಡಿದ ತೋಳು, ನೆಟ್ಟ ನೋಟ.

“ನೆರಳು ತೆಳ್ಳಗೆ ಹಚ್ಚು, ಬೆಳಕು ದಪ್ಪಗೆ ಹಚ್ಚು. ಆ ಪಟ್ಟಿ ನೋಡು, ಹತ್ರ ಹೋದ್ರೆ ಬರೀ ಬಿಳಿ ಗೀರು, ದೂರ ನಿಂತ್ರೆ ಕಸೂತಿ” ಅಂದರು.

“ಈ ಮನುಷ್ಯ ಯಾರು ಸಾರ್?”

“ಯಾರೋ ಮಾಡೆಲ್ಲು. ನಿಂಗ್ಯಾಕಯ್ಯ ಅದು?”

ಯಾಕೆ ಅಂತ ಈಗ ಹೇಳುತ್ತೇನೆ.

ಅವನು ಹ್ವಾನ್ ದೆ ಪರೇಹ. ಚಿತ್ರ ಬರೆದವನ ಗುಲಾಮ. 1724ರಲ್ಲಿ ಪಲೊಮಿನೊ ಎಂಬಾತ ಬರೆದಿಟ್ಟಿರುವ ಪ್ರಕಾರ, ಕಲೆಯ ಮಾನ ಕೆಟ್ಟೀತು ಅಂತ ಒಡೆಯ ಅವನಿಗೆ ಚಿತ್ರ ಬರೆಯಲು ಬಿಡಲಿಲ್ಲ. ಬಣ್ಣ ಅರೆಯಬೇಕು, ಕ್ಯಾನ್ವಾಸಿಗೆ ಅಸ್ತರು ಬಳಿಯಬೇಕು, ಮನೆಚಾಕರಿ ಮಾಡಬೇಕು, ಅಷ್ಟೆ. ಪರೇಹ ಕದ್ದು ಕಲಿತನಂತೆ. ದೊರೆ ಅವನ ಚಿತ್ರ ಕಂಡು, ಇಂಥವನು ಗುಲಾಮನಾಗಿರಕೂಡದು ಅಂದನಂತೆ. ದೊರೆಗಳಿಗೆ ಹೇಳಿ ಮಾಡಿಸಿದ ಕತೆ! 1983ರಲ್ಲಿ ಬೆಳಕಿಗೆ ಬಂದ ರೋಮಿನ ದಸ್ತಾವೇಜು ಬೇರೆ ಮಾತು ಹೇಳುತ್ತದೆ. ಬಿಡುಗಡೆ ಬರೆದುಕೊಟ್ಟವನು ಒಡೆಯನೇ, 1650ರ ನವೆಂಬರ್ 23ರಂದು. ಇನ್ನೂ ನಾಲ್ಕು ವರ್ಷ ಚಾಕರಿ ಮಾಡಬೇಕೆಂಬ ಷರತ್ತಿನ ಮೇಲೆ. ಲೋಕವೇ ಹೊಗಳುವ ಆ ಚಿತ್ರ ಆಗಲೇ ಮುಗಿದಿತ್ತು. ಅಂದರೆ ಅದಕ್ಕೆ ಕೂತಾಗ ಅವನು ಗುಲಾಮನೇ.

ಇನ್ನು ಒಡೆಯನ ಕಡೆ ನೋಡಿ. ಸಾಂತಿಯಾಗೊ ಎಂಬ ಕುಲೀನರ ಪಂಗಡ ಸೇರಲು ವೆಲಾಸ್ಕೆಸ್ ಸಾಕ್ಷಿಗಳನ್ನು ನಿಲ್ಲಿಸಬೇಕಾಯಿತು. ವಂಶದಲ್ಲಿ ಯೆಹೂದಿ, ಮುಸ್ಲಿಂ ರಕ್ತ ಬೆರೆತಿಲ್ಲ, ಚಿತ್ರ ಮಾರಿ ಹೊಟ್ಟೆ ಹೊರೆದವನಲ್ಲ ಅಂತ. 1659ರಲ್ಲಿ ಪದವಿ ಸಿಕ್ಕಿತು. ಶುದ್ಧ ರಕ್ತ, ದುಡಿಯದ ಕೈ. ನಮಗೆ ಹೊಸ ಮಾತೇನಲ್ಲ.

ನಾನು ನಕಲಿಗೆ ಕೂತೆ. ಕಂದು ಅಸ್ತರು ಬಳಿದೆ, ಗೆರೆ ಎಳೆದೆ. ಮುಖಕ್ಕೆ ಬಂದಾಗ ಕಪ್ಪು ಮೈ ತಾನೇ ಅಂತ ಕಪ್ಪು ಬಣ್ಣ ಸುರಿದೆ. ಮುಖ ಕೆಸರಾಯಿತು. ಕೆರೆದು ತೆಗೆದೆ, ಮತ್ತೆ ಹಚ್ಚಿದೆ, ಮತ್ತೆ ಕೆಸರು. ಕೊನೆಗೆ ಅಚ್ಚಿನ ಚಿತ್ರ ಪಕ್ಕಕ್ಕಿಟ್ಟು, ಜಗಲಿಯ ಮೇಲೆ ಕೂತಿದ್ದ ನಮ್ಮಪ್ಪನ ಮುಖ ನೋಡಿದೆ. ಹಣೆಯ ಮೇಲೆ ಹಳದಿ ಮಣ್ಣು, ಕೆನ್ನೆಯಲ್ಲಿ ಕಾವಿ, ದವಡೆಯ ನೆರಳಲ್ಲಿ ಹಸಿರು ತಿರುಗಿದ ಬೂದಿ. ಕಪ್ಪು ಎಲ್ಲಿತ್ತು? ಹುಬ್ಬಲ್ಲಿ, ಕಣ್ಣಲ್ಲಿ ಒಂದಿಷ್ಟು. ಕಪ್ಪು ಮೈ ಅಂದರೆ ಒಂದೇ ಬಣ್ಣ ಅಂತ, ಅಪ್ಪನ ಮಗನಾದ ನನಗೇ ಕಲಿಸಿಟ್ಟವರು ಯಾರು?

ದೊರೆಯ ಆಸ್ಥಾನದ ಕಲೆ ನಮಗ್ಯಾಕೆ, ಸುಟ್ಟುಹಾಕು ಅನ್ನುವ ಗೆಳೆಯರೂ ಇದ್ದಾರೆ. ಸುಡೋದು ಸುಲಭ ಕಣ್ರಯ್ಯ. ಆ ಕಲೆಯ ಬಣ್ಣ ಅರೆದವನು ನಮ್ಮಂಥವನು. ಅವನು ಸುಡಲಿಲ್ಲ, ಕಲಿತ. ಏಕಲವ್ಯನ ಹೆಬ್ಬೆರಳು ಹೋಯಿತು, ಇವನದು ಉಳಿಯಿತು. 1970ರಲ್ಲಿ ಲಂಡನ್ನಿನಲ್ಲಿ ಇದೇ ಮುಖ 23 ಲಕ್ಷ ಪೌಂಡಿಗೂ ಮೀರಿ ಹರಾಜಾಯಿತಲ್ಲ, ಸಿಟ್ಟು ಬರಬೇಕಾದ್ದು ಅಲ್ಲಿ. ಯಾರ ಮುಖ ಅಂತ ಹೇಳದೆ ಕೊರಳಪಟ್ಟಿ ಮಾತ್ರ ಕಲಿಸುವ ಮೇಷ್ಟ್ರ ಮೇಲೂ ಬರಬೇಕು.

ಬಿಡುಗಡೆಯಾದ ಪರೇಹ 1661ರಲ್ಲಿ ಏಸು ಮತ್ತಾಯನನ್ನು ಕರೆಯುವ ದೊಡ್ಡ ಚಿತ್ರ ಬರೆದ. ಈಗ ಮ್ಯಾಡ್ರಿಡ್ಡಿನ ಪ್ರಾದೋ ಮ್ಯೂಸಿಯಮ್ಮಿನಲ್ಲಿದೆ. ಅದರ ಎಡ ತುದಿಯಲ್ಲಿ ಅವನೇ ನಿಂತಿದ್ದಾನೆ. ಕೈಯಲ್ಲೊಂದು ಕಾಗದ, ಕಾಗದದ ಮೇಲೆ ಅವನ ಹೆಸರು.

ಮುಂದಿನ ನಕಲಿಗೆ ಅದನ್ನು ಕೊಡಿ ಸಾರ್ ಅಂತ ಕೇಳಿದೆ. ಅದರ ಅಚ್ಚು ನಮ್ಮಲ್ಲಿಲ್ಲ ಅಂದರು.